ಹಕ್ಕಿಗಾಗಿ ಅತ್ತರೆ ಸಾಲದೇ?

ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಮೊಟ್ಟೆಯಾಕಾರದ ಪುಟ್ಟ ಚಿತ್ರವೊಂದಿದೆ. ಫ್ರಾನ್ಸಿನ ಝಾಂ ಬಾಪ್ಟಿಸ್ಟ್ ಗ್ರೂಜ್ 1765ರಲ್ಲಿ ಬರೆದದ್ದು. ಪಂಜರದ ಮೇಲೆ ಕ್ಯಾನರಿ ಹಕ್ಕಿ ಸತ್ತು ಅಂಗಾತ ಬಿದ್ದಿದೆ. ಕತ್ತು ಜೋತಿದೆ, ರೆಕ್ಕೆ ಸೋತಿದೆ. ಪಂಜರದ ಸುತ್ತ ಹಸಿರೆಲೆ, ಹೂಬಳ್ಳಿ. ಪಕ್ಕದಲ್ಲಿ ಹುಡುಗಿಯೊಬ್ಬಳು ತಲೆಗೆ ಕೈಯಾನಿಸಿ, ರೆಪ್ಪೆ ಇಳಿಬಿಟ್ಟು ಕೂತಿದ್ದಾಳೆ. ಅದೇ ವರ್ಷ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಇದನ್ನು ಕಂಡ ಚಿಂತಕ ಡಿಡೆರೊ ಮಾರುಹೋದ. ಆದರೆ ಇಷ್ಟು ದುಃಖ ಬರೀ ಹಕ್ಕಿಯೊಂದಕ್ಕೆ ಎಂದರೆ ಅವನು ಒಪ್ಪಲಿಲ್ಲ. ಪ್ರಿಯಕರನಿಗೆ ಸೋತು ಕನ್ಯತ್ವ ಕಳೆದುಕೊಂಡವಳ ಅಳು ಇದು, ಹಕ್ಕಿ ನೆಪ ಮಾತ್ರ ಎಂದ. ಈ ಚಿತ್ರದ ಬಗ್ಗೆ ಮಾತು ಬಂದಾಗಲೆಲ್ಲ ಅವನ ವಿವರಣೆಯೂ ಜೊತೆಗೇ ಬರುತ್ತದೆ.

ಅವನ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಮುಖ ಎಳೆಯದು, ಕೈ ಬೆಳೆದವಳದು ಎಂಬುದನ್ನು ಅವನೇ ಗುರುತಿಸಿದ್ದ. ಗ್ರೂಜ್ ಮುಂದೆ ಬರೆದ, ಒಡೆದ ಹೂಜಿ ಹಿಡಿದ ಹುಡುಗಿಯ ಚಿತ್ರದಲ್ಲೂ ಇಂಥದೇ ಸೂಚನೆಯಿದೆ ಎನ್ನುತ್ತಾರೆ. ಸಂಕೇತ ಇದ್ದರೆ ಇರಲಿ. ಆದರೆ ಹಕ್ಕಿಯ ಸಾವಿಗೆ ಹುಡುಗಿ ಹೀಗೆ ಕುಸಿಯುವುದು ಮೊದಲು ನಿಜವೆನಿಸಬೇಕು; ಆಮೇಲಲ್ಲವೇ ಅದು ಇನ್ನೊಂದು ನೋವಿಗೆ ಗುರುತಾಗುವುದು? ಆ ಪಂಜರವನ್ನು ಡಿಡೆರೊ ಕೂಡ ಅಲಂಕರಿಸಿದ ಶವಪೀಠವೆಂದೇ ಕಂಡ. ಚಟ್ಟಕ್ಕೆ ಹೂ ಮುಡಿಸುವುದು ನೆಪಕ್ಕಲ್ಲ, ಸತ್ತ ಜೀವಕ್ಕೆ.

ಪ್ರಾಣಿಗಾಗಿ ಅಳುವುದು ಉಂಡುಟ್ಟು ಸುಖವಾಗಿರುವವರ ನಾಜೂಕು ಎನ್ನುವವರಿದ್ದಾರೆ. ಗ್ರೂಜ್‌ಗಿಂತ ಎಂಟು ಶತಮಾನ ಹಿಂದೆಯೇ ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಗಂಗರ ಇಮ್ಮಡಿ ಬೂತುಗನ ಕಾಲದ ಯೋಧ ಮಣಲೆರ, ದೊರೆ ಮೆಚ್ಚಿ ಬೇಡಿಕೋ ಎಂದಾಗ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಬೇಟೆಯಲ್ಲಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಸುಮಾರು ಕ್ರಿ.ಶ. 950ರಲ್ಲಿ ಕಾಳಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಕೆತ್ತನೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಶೌರ್ಯದ ಸ್ಮರಣೆ, ಶೋಕವಲ್ಲ ಎನ್ನಬಹುದು. ಆದರೆ ಸತ್ತದ್ದು ಬರೀ ಬೇಟೆಯ ಸಾಧನವಾಗಿದ್ದರೆ ಇನ್ನೊಂದು ನಾಯಿ ತಂದರೆ ಸಾಕಿತ್ತು, ಹೆಸರು ಕೆತ್ತಿಸಬೇಕಿರಲಿಲ್ಲ. ಕಾಳಿಯ ಜಾಗಕ್ಕೆ ಇನ್ನೊಂದು ಬರದು ಎಂದು ಬಗೆದವರು ಯುದ್ಧ ಕಂಡ ಗಂಡಸರು. ಗ್ರೂಜನ ಹುಡುಗಿಯೂ ಆ ಪಂಜರದ ಮುಂದೆ ಅದನ್ನೇ ಬಗೆದು ಕೂತಿದ್ದಾಳೆ. ಅವಳ ಅಳುವಿಗೆ ಬೇರೆ ಕಾರಣ ಹುಡುಕುವ ಮುನ್ನ, ಸತ್ತ ಹಕ್ಕಿಯನ್ನೊಮ್ಮೆ ನೋಡೋಣ.