ಮಕ್ಕಳ ಬಡತನ: ಕಾಸಿನ ಜೊತೆ ಕೈ ಹಿಡಿಯುವವರೂ ಬೇಕು

ಮಕ್ಕಳನ್ನು ಬೆಳೆಸೋದನ್ನೂ ಯಾರಾದರೂ ಹೇಳಿಕೊಡ್ತಾರಾ? ಇಂಗ್ಲೆಂಡಿನ ಶೂರ್ ಸ್ಟಾರ್ಟ್ ಯೋಜನೆಯ ಬಗ್ಗೆ ಮೊದಲು ಓದಿದಾಗ ನಮಗೂ ಹೀಗೇ ಅನ್ನಿಸಿತ್ತು.

1999ರಲ್ಲಿ ಪ್ರಧಾನಿ ಟೋನಿ ಬ್ಲೇರ್, ಇಪ್ಪತ್ತು ವರ್ಷದಲ್ಲಿ ಮಕ್ಕಳ ಬಡತನವನ್ನು ಕೊನೆಗಾಣಿಸುತ್ತೇವೆ ಎಂದು ಮಾತು ಕೊಟ್ಟರು. ಅದೇ ವರ್ಷ ಬಡವರು ಹೆಚ್ಚಿರುವ ಬಡಾವಣೆಗಳಲ್ಲಿ ಶೂರ್ ಸ್ಟಾರ್ಟ್ ಶುರುವಾಯಿತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರಿಗೆ ಆರೋಗ್ಯ ಸಲಹೆ, ಮಕ್ಕಳಿಗೆ ಆಟ, ಅಪ್ಪ-ಅಮ್ಮನಿಗೆ ಕೆಲಸ ಹುಡುಕಲು ನೆರವು, ಜೊತೆಗೆ ಮಗುವಿನ ಹಟ, ನಿದ್ದೆ, ಮಾತು ಕಲಿಕೆಯನ್ನು ನಿಭಾಯಿಸುವ ಪಾಠ. ನಮ್ಮೂರ ಅಂಗನವಾಡಿಗೆ ಅಪ್ಪ-ಅಮ್ಮಂದಿರ ತರಗತಿಯೂ ಸೇರಿದ ಹಾಗೆ ಅಂದುಕೊಳ್ಳಿ.

ಬಡವರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆ ಅಂತ ಇದರ ಅರ್ಥವಲ್ಲ. ಬಾಡಿಗೆ, ಕರೆಂಟ್ ಬಿಲ್ಲಿನ ಚಿಂತೆಯಲ್ಲಿ ಎರಡೆರಡು ಕಡೆ ದುಡಿದು ಬಂದವರಿಗೆ ಕೂತು ಕಥೆ ಹೇಳುವ ತ್ರಾಣ ಎಲ್ಲಿರುತ್ತೆ? ಹತ್ತಿರದಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇಲ್ಲದಿದ್ದರೆ ಕೇಳುವುದಾದರೂ ಯಾರನ್ನು?

ಇದರಿಂದ ಉಪಯೋಗ ಆಯ್ತಾ? ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2024ರಲ್ಲಿ ಲೆಕ್ಕ ಹಾಕಿ ನೋಡಿತು. ಶಾಲೆಯಲ್ಲಿ ಉಚಿತ ಊಟ ಪಡೆಯುವಷ್ಟು ಬಡತನದ ಮಕ್ಕಳಲ್ಲಿ, ಕೇಂದ್ರದ ಹತ್ತಿರ ಬೆಳೆದವರು 16ನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಗಳಲ್ಲಿ ಒಟ್ಟು ಮೂರು ಗ್ರೇಡ್‌ನಷ್ಟು ಮುಂದಿದ್ದರು.

ಆದರೆ 2010ರ ನಂತರ ಅನುದಾನ ಕಡಿತವಾಗಿ ಎಷ್ಟೋ ಕೇಂದ್ರಗಳು ಮುಚ್ಚಿದವು. ಬ್ಲೇರ್ ಹೇಳಿದ ಗಡುವು ಮುಗಿದರೂ ಮಕ್ಕಳ ಬಡತನ ಹೋಗಲಿಲ್ಲ. ಖಾಲಿ ಹೊಟ್ಟೆಗೆ ಪಾಠವಷ್ಟೇ ಸಾಲದು, ನಿಜ. ಹಾಗಂತ ಬರೀ ದುಡ್ಡು ಕೊಟ್ಟು ಕೈ ತೊಳೆದುಕೊಂಡರೂ ಆಗದು. ಎರಡೂ ಒಟ್ಟಿಗೆ ಸಿಕ್ಕಾಗಲೇ ಮಗುವಿಗೆ ನೆಲೆ ಸಿಗುತ್ತೆ ಅಂತ ನಮಗನ್ನಿಸುತ್ತದೆ.