ಹಿತ್ತಲಿನ ಬಾತುಕೋಳಿ ಸಾಕಣೆ

ಹಿತ್ತಲಿನ ಬಾತುಕೋಳಿ ಸಾಕಣೆ ಎಂದರೆ ವಾಸದ ಮನೆಯ ನಿವೇಶನದಲ್ಲಿ ಉಳಿದಿರುವ ತೆರೆದ ಜಾಗದಲ್ಲಿ, ಮುಖ್ಯವಾಗಿ ಮನೆಬಳಕೆಯ ಮೊಟ್ಟೆಗಾಗಿ, ಕೆಲವೇ ಬಾತುಕೋಳಿಗಳನ್ನು ಸಾಕುವ ಪದ್ಧತಿ. ಕೆರೆ ಮತ್ತು ಗದ್ದೆಗಳಲ್ಲಿ ಬಾತುಗಳ ಹಿಂಡನ್ನು ಮೇಯಿಸುವ ಪದ್ಧತಿಗಿಂತ ಇದು ಭಿನ್ನವಾದುದು. ಗದ್ದೆಯಲ್ಲಿ ನೀರು, ಮೇವು ಎರಡೂ ದೊರೆಯುತ್ತವೆ; ಹಿಕ್ಕೆಯು ಅಲ್ಲಿಯೇ ಗೊಬ್ಬರವಾಗುತ್ತದೆ. ನಿವೇಶನದಲ್ಲಾದರೆ ಮೇವನ್ನೂ ನೀರನ್ನೂ ಒದಗಿಸುವುದಲ್ಲದೆ ಕೊಳೆಯಾದ ನೀರನ್ನು ಪ್ರತಿದಿನ ಹೊರಸಾಗಿಸಬೇಕಾಗುತ್ತದೆ. ಆದ್ದರಿಂದ ಚಿಕ್ಕ ನಿವೇಶನದಲ್ಲಿ ಎಷ್ಟು ಹಕ್ಕಿಗಳನ್ನು ಸಾಕಬಹುದೆಂಬುದನ್ನು ಜಾಗದ ಅಳತೆಯಷ್ಟೇ ನೀರಿನ ವಿಲೇವಾರಿಯೂ ನಿರ್ಧರಿಸುತ್ತದೆ.

ಮೂಲ ಮತ್ತು ತಳಿಗಳು

ಮಸ್ಕೋವಿಯೊಂದನ್ನು ಬಿಟ್ಟು ಉಳಿದೆಲ್ಲ ಸಾಕು ಬಾತುಗಳ ಪೂರ್ವಜ ಮಲ್ಲಾರ್ಡ್ (ಅನಾಸ್ ಪ್ಲಾಟಿರಿಂಕಸ್) ಎಂಬ ಕಾಡು ಬಾತು. ಮಸ್ಕೋವಿಯು (ಕೈರಿನಾ ಮೊಸ್ಕಾಟಾ) ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಬೇರೆಯೇ ಪ್ರಭೇದ.

ಮೊಟ್ಟೆಗಾಗಿ ಪ್ರಸಿದ್ಧವಾದ ತಳಿ ಖಾಕಿ ಕ್ಯಾಂಪ್‌ಬೆಲ್. ಇದನ್ನು ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಅಭಿವೃದ್ಧಿಪಡಿಸಿದರು. ಉತ್ತಮ ಪೋಷಣೆಯಿದ್ದರೆ ಈ ತಳಿಯ ಹೆಣ್ಣು ವರ್ಷಕ್ಕೆ ಸುಮಾರು 300 ಮೊಟ್ಟೆಗಳವರೆಗೆ ಇಡಬಲ್ಲದು. ಬೆಂಗಳೂರಿನ ಸಮೀಪದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೇಂದ್ರದಲ್ಲಿಯೂ ಈ ತಳಿಯನ್ನು ಬೆಳೆಸಲಾಗಿದೆ. ಇಂಡಿಯನ್ ರನ್ನರ್ ತಳಿಯ ಹೆಸರಿನಲ್ಲಿ ಭಾರತವಿದ್ದರೂ ಅದರ ಮೂಲ ಇಂಡೋನೇಷ್ಯಾದ ದ್ವೀಪಗಳು. ಬಿಳಿಯ ಪೆಕಿನ್ ಚೀನಾ ಮೂಲದ್ದು. ಮುಖ್ಯವಾಗಿ ಮಾಂಸಕ್ಕಾಗಿ ಸಾಕಲ್ಪಡುತ್ತದೆ. ಕೇರಳದ ಕುಟ್ಟನಾಡಿನ ಚಾರ ಮತ್ತು ಚೆಂಬಳ್ಳಿ ನಾಡತಳಿಗಳು.

ಸ್ಥಳ ಮತ್ತು ಸಂಖ್ಯೆ

ವಯಸ್ಕ ಬಾತೊಂದಕ್ಕೆ ರಾತ್ರಿಯ ಗೂಡಿನಲ್ಲಿ 3ರಿಂದ 4 ಚದರ ಅಡಿ, ಹಗಲಿನ ಅಂಗಳದಲ್ಲಿ 10ರಿಂದ 15 ಚದರ ಅಡಿ ಜಾಗ ಬೇಕೆಂಬುದು ಸಾಮಾನ್ಯ ಲೆಕ್ಕ. ಉದಾಹರಣೆಗೆ, 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ನಂತರ 100 ಚದರ ಅಡಿ ಹಿತ್ತಲು ಉಳಿದರೆ ನಾಲ್ಕೈದು ಬಾತುಗಳಿಗೆ ಅದು ಸಾಕಾಗುತ್ತದೆ. ಬಾತುಗಳು ಗುಂಪಿನಲ್ಲಿ ಬಾಳುವ ಹಕ್ಕಿಗಳಾದ್ದರಿಂದ ಒಂದೇ ಒಂದನ್ನು ಸಾಕುವುದು ಯೋಗ್ಯವಲ್ಲ.

ಮೊಟ್ಟೆಗಾಗಿ ಗಂಡು ಬಾತು ಅಗತ್ಯವಿಲ್ಲ. ಮರಿ ಮಾಡಿಸಬೇಕಾದರೆ ಐದಾರು ಹೆಣ್ಣುಗಳಿಗೆ ಒಂದು ಗಂಡು ಸಾಕು. ಗಂಡುಗಳು ಹೆಚ್ಚಾದರೆ ಹೆಣ್ಣುಗಳಿಗೆ ಗಾಯಗಳಾಗುತ್ತವೆ.

ನೀರು

ಬಾತುಗಳು ಬದುಕಲು ಈಜುಕೊಳ ಅನಿವಾರ್ಯವಲ್ಲ. ಆದರೆ ಕೊಕ್ಕು ಮತ್ತು ಮೂಗಿನ ಹೊಳ್ಳೆಗಳು ಮುಳುಗುವಷ್ಟು ಆಳದ ನೀರು ಸದಾ ಇರಬೇಕು. ಅದಿಲ್ಲದಿದ್ದರೆ ಹೊಳ್ಳೆಗಳಲ್ಲಿ ಮೇವು ಕಟ್ಟಿಕೊಳ್ಳುತ್ತದೆ, ಕಣ್ಣಿನ ಸುತ್ತ ಸೋಂಕು ಉಂಟಾಗುತ್ತದೆ. ಮೀಯಲು ನೀರು ದೊರೆತರೆ ಹಕ್ಕಿಗಳು ಬಾಲದ ಬುಡದ ಎಣ್ಣೆ ಗ್ರಂಥಿಯ ಸ್ರಾವವನ್ನು ಗರಿಗಳಿಗೆ ಸವರಿಕೊಂಡು ಅವುಗಳನ್ನು ಸುಸ್ಥಿತಿಯಲ್ಲಿಡುತ್ತವೆ.

ಬಾತುಗಳು ಮೇವನ್ನೂ ಮಣ್ಣನ್ನೂ ನೀರಿನಲ್ಲಿ ಕದಡಿ ಅದರಲ್ಲಿಯೇ ಹಿಕ್ಕೆ ಹಾಕುವುದರಿಂದ ಸ್ವಲ್ಪ ಸಮಯದಲ್ಲಿಯೇ ನೀರು ರಾಡಿಯಾಗುತ್ತದೆ. 50 ಲೀಟರಿನ ತೊಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿದರೂ ತಿಂಗಳಿಗೆ 1,500 ಲೀಟರು ಕೊಳೆನೀರು ಸೇರುತ್ತದೆ. ಇದನ್ನು ಬಾಳೆ, ತೆಂಗು, ಕೆಸು ಮುಂತಾದ ಗಿಡಗಳ ಪಾತಿಗೆ ಸರದಿಯಂತೆ ಹರಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಸೊಪ್ಪು ಮತ್ತು ಹಸಿಯಾಗಿ ತಿನ್ನುವ ತರಕಾರಿಗಳಿಗೆ ನೇರವಾಗಿ ಹಾಕಬಾರದು. ನಿಂತ ನೀರಿನಲ್ಲಿ ಸೊಳ್ಳೆಗಳು ಸುಮಾರು ಒಂದು ವಾರದಲ್ಲಿ ಬೆಳೆದು ಹಾರಬಲ್ಲವಾದ್ದರಿಂದ ತೊಟ್ಟಿಯನ್ನು ಪೂರ್ತಿ ಬರಿದು ಮಾಡುವುದು ಡೆಂಗಿ ತಡೆಗೂ ಅವಶ್ಯಕ. ತೆರೆದ ಬಾವಿಯ ಸಮೀಪ ಕೊಳೆನೀರು ಇಂಗಬಾರದು.

ಗೂಡು ಮತ್ತು ರಕ್ಷಣೆ

ಬಾತುಗಳು ಕೋಳಿಗಳಂತೆ ಕೊಂಬೆಯೇರದೆ ಸಾಮಾನ್ಯವಾಗಿ ನೆಲದ ಮೇಲೆಯೇ ಮಲಗುತ್ತವೆ. ನಾಯಿ, ಬೆಕ್ಕು, ಮುಂಗುಸಿ ಮತ್ತು ಹೆಗ್ಗಣಗಳಿಂದ ರಕ್ಷಿಸಲು ರಾತ್ರಿ ಭದ್ರವಾದ ಗೂಡು ಬೇಕು. ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ಹರಡಿ, ಒದ್ದೆಯಾದ ಭಾಗವನ್ನು ಆಗಾಗ ತೆಗೆಯಬೇಕು. ಒದ್ದೆ ಹಾಸಿನಿಂದ ಅಮೋನಿಯಾದ ವಾಸನೆ ಏಳುತ್ತದೆ, ಬೂಷ್ಟು ಬೆಳೆದು ಶ್ವಾಸಕೋಶದ ರೋಗ ತಗಲುತ್ತದೆ. ನೀರಿನ ಪಾತ್ರೆಯನ್ನು ಗೂಡಿನ ಬಾಗಿಲಿನಿಂದ ದೂರದಲ್ಲಿ, ಜಲ್ಲಿಯ ಮೇಲೆ ಇಟ್ಟರೆ ಕೆಸರು ಕಡಿಮೆಯಾಗುತ್ತದೆ. ಬಾತುಗಳ ಕಾಲುಗಳು ಸೂಕ್ಷ್ಮವಾಗಿರುವುದರಿಂದ ಕಾಲು ಹಿಡಿದು ಎತ್ತಬಾರದು.

ಆಹಾರ

ನುಚ್ಚಕ್ಕಿ, ತೌಡು, ಮೆಕ್ಕೆಜೋಳ, ಹಿಂಡಿ ಮತ್ತು ಸೊಪ್ಪು ಸಾಮಾನ್ಯ ಮೇವು. ಒಣ ಹಿಟ್ಟು ಗಂಟಲಿಗೆ ಅಂಟಿಕೊಳ್ಳುವುದರಿಂದ ಅದನ್ನು ನೀರು ಬೆರೆಸಿ ಕೊಡಲಾಗುತ್ತದೆ. ಮೊಟ್ಟೆಯಿಡುವ ಹಕ್ಕಿಗಳಿಗೆ ಸುಣ್ಣಾಂಶಕ್ಕಾಗಿ ಚಿಪ್ಪಿನ ಪುಡಿ ಬೇಕು. ಬಸವನಹುಳು ಹಾಗೂ ಕೀಟಗಳನ್ನು ಅವು ತಾವೇ ಆರಿಸಿ ತಿನ್ನುತ್ತವೆ.

ಎರಡು ಸಂಗತಿಗಳಲ್ಲಿ ಬಾತುಮರಿಗಳ ಪೋಷಣೆ ಕೋಳಿಮರಿಗಳದ್ದಕ್ಕಿಂತ ಬೇರೆಯಾಗಿದೆ. ಅವುಗಳಿಗೆ ನಯಾಸಿನ್ ಎಂಬ ಜೀವಸತ್ವ ಹೆಚ್ಚು ಬೇಕು. ಕೊರತೆಯಾದರೆ ಕಾಲುಗಳು ಸೊಟ್ಟಗಾಗುತ್ತವೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಮೆಕ್ಕೆಜೋಳದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಅಲ್ಪ ಪ್ರಮಾಣದಲ್ಲಿದ್ದರೂ ಅವುಗಳಿಗೆ ಮಾರಕ.

ಮೊಟ್ಟೆ ಮತ್ತು ಮರಿ

ಬಾತುಗಳು ಹೆಚ್ಚಾಗಿ ಮುಂಜಾನೆ ಮೊಟ್ಟೆಯಿಡುವುದರಿಂದ ಬೆಳಿಗ್ಗೆ 9 ಗಂಟೆಯವರೆಗೆ ಗೂಡಿನಲ್ಲಿಯೇ ಇರಿಸುವುದು ರೂಢಿ. ಮೊಟ್ಟೆಯು ಕೋಳಿಮೊಟ್ಟೆಗಿಂತ ದೊಡ್ಡದು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸಾಧ್ಯತೆಯಿರುವುದರಿಂದ ಚೆನ್ನಾಗಿ ಬೇಯಿಸಿ ತಿನ್ನಬೇಕು. ಮರಿಯೊಡೆಯಲು 28 ದಿನ, ಮಸ್ಕೋವಿಗೆ ಸುಮಾರು 35 ದಿನ ಬೇಕು. ಖಾಕಿ ಕ್ಯಾಂಪ್‌ಬೆಲ್ ಕಾವಿಗೆ ಕೂರುವುದು ವಿರಳವಾದ್ದರಿಂದ ಅದರ ಮೊಟ್ಟೆಗಳನ್ನು ಕಾವಿನ ಕೋಳಿಯ ಅಥವಾ ಮಸ್ಕೋವಿಯ ಅಡಿಯಲ್ಲಿ ಇಡಲಾಗುತ್ತದೆ.

ರೋಗಗಳು

ಬಾತುಪ್ಲೇಗ್, ಬಾತು ಕಾಲರಾ ಮತ್ತು ಮರಿಗಳಿಗೆ ತಗಲುವ ವೈರಸ್ ಹೆಪಟೈಟಿಸ್ ಪ್ರಮುಖ ರೋಗಗಳು. ಬಾತುಪ್ಲೇಗ್‌ಗೆ ಲಸಿಕೆಯಿದೆ. ಹಕ್ಕಿಜ್ವರದ ವೈರಸ್ಸನ್ನು ಬಾತುಗಳು ರೋಗಲಕ್ಷಣ ತೋರದೆಯೂ ಹರಡಬಲ್ಲವು. 2014ರಲ್ಲಿ ಕುಟ್ಟನಾಡಿನ ಬಾತುಗಳಲ್ಲಿ ಈ ರೋಗ ಕಾಣಿಸಿಕೊಂಡು ಅಪಾರ ಸಂಖ್ಯೆಯ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಆದ್ದರಿಂದ ಸಾಕು ಬಾತುಗಳ ಮೇವು, ನೀರುಗಳನ್ನು ಕಾಡು ಹಕ್ಕಿಗಳು ಮುಟ್ಟದಂತೆ ಇಡಬೇಕು. ಹಕ್ಕಿಗಳು ಒಮ್ಮೆಲೇ ಸತ್ತರೆ ಕೈಯಿಂದ ಮುಟ್ಟದೆ, ಎಸೆಯದೆ ಪಶುವೈದ್ಯರಿಗೆ ತಿಳಿಸಬೇಕು.

ನೆರೆಹೊರೆ

ಮಲ್ಲಾರ್ಡ್ ಮೂಲದ ತಳಿಗಳಲ್ಲಿ ಗಟ್ಟಿಯಾಗಿ ಕೂಗುವುದು ಹೆಣ್ಣು. ಗಂಡಿನ ದನಿ ಒಡಕು ಮತ್ತು ಮೆಲುವಾದುದು. ಮಸ್ಕೋವಿಗಳು ಬಹುಮಟ್ಟಿಗೆ ನಿಶ್ಶಬ್ದವಾಗಿರುತ್ತವೆ, ಆದರೆ ಹಾರಬಲ್ಲವು. ಗೋಡೆಗೆ ಗೋಡೆ ತಾಗುವ ಬಡಾವಣೆಗಳಲ್ಲಿ ಸದ್ದು, ವಾಸನೆ ಹಾಗೂ ಸೊಳ್ಳೆಗಳು ನೆರೆಯವರ ಆರೋಗ್ಯ ಮತ್ತು ನೆಮ್ಮದಿಗೆ ಸಂಬಂಧಿಸಿದವು. ಸಾಕುವ ಮೊದಲು ಸ್ಥಳೀಯ ಸಂಸ್ಥೆಯ ನಿಯಮಗಳನ್ನೂ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನೂ ಪಡೆದುಕೊಳ್ಳುವುದು ಸೂಕ್ತ. ಪ್ರತಿದಿನದ ಕೊಳೆನೀರನ್ನು ತನ್ನ ನಿವೇಶನದೊಳಗೇ ಇಂಗಿಸಲಾಗದ ಕಡೆ ಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಬೇಕು, ಇಲ್ಲವೇ ಬಾತುಗಳ ಬದಲು ಕೋಳಿಗಳನ್ನು ಸಾಕಬಹುದು.