ಗಾಜಿನ ಪಿರಮಿಡ್ಡು ಮಾಯವಾದದ್ದು ಹೀಗೆ

ಪ್ಯಾರಿಸ್ಸಿನ ಹಳೇ ಅರಮನೆ ಲೂವ್ರ್, ಈಗ ಮ್ಯೂಸಿಯಂ. ಅದರ ಅಂಗಳದ ನಟ್ಟನಡುವೆ ಗಾಜಿನ ಪಿರಮಿಡ್ಡು! ಚೀನೀ ಮೂಲದ ಅಮೆರಿಕನ್ ವಾಸ್ತುಶಿಲ್ಪಿ ಐ.ಎಂ. ಪೇ ಈ ನಕ್ಷೆ ಮುಂದಿಟ್ಟಾಗ ಫ್ರಾನ್ಸ್ ಕೆರಳಿತು. ಈಜಿಪ್ಟಿನ ಗೋರಿ ಇಲ್ಲಿಗೇಕೆ ಎಂಬ ಸಿಟ್ಟು.

1985ರಲ್ಲಿ ಕೇಬಲ್ ಎಳೆದು ಅದರ ನಿಜಗಾತ್ರದ ಆಕಾರವನ್ನು ಅಲ್ಲೇ ತೋರಿಸಿದರು. ನೋಡಲು ಸಾವಿರಾರು ಜನ ಬಂದರು. 1989ರಲ್ಲಿ ಪಿರಮಿಡ್ಡು ತೆರೆಯಿತು.

ಆ ಸಿಟ್ಟಿಗೆ ತುಂಟ ಉತ್ತರ ಬಂದದ್ದು ಆಮೇಲೆ. 2016ರಲ್ಲಿ ಜೆಆರ್ ಎಂಬ ಫ್ರೆಂಚ್ ಕಲಾವಿದರು, ಪಿರಮಿಡ್ಡಿನ ಹಿಂದೆ ಮರೆಯಾಗಿದ್ದ ಅರಮನೆಯ ಕಪ್ಪು-ಬಿಳುಪು ಫೋಟೊವನ್ನೇ ಅದರ ಮೈಗೆ ಅಂಟಿಸಿದರು. ಸರಿಯಾದ ಜಾಗದಲ್ಲಿ ನಿಂತರೆ ಪಿರಮಿಡ್ಡೇ ಮಾಯ! ಬೇಡ ಎಂದವರ ಆಸೆ ಕೊನೆಗೂ ಈಡೇರಿತು, ಅದೂ ಮ್ಯೂಸಿಯಂನ ಒಪ್ಪಿಗೆಯಿಂದಲೇ.

2019ರಲ್ಲಿ, ಪಿರಮಿಡ್ಡಿಗೆ ಮೂವತ್ತು ತುಂಬಿದಾಗ, ಜೆಆರ್ ಮತ್ತೆ ಬಂದರು. ಈ ಸಲ ಸುಮಾರು 400 ಸ್ವಯಂಸೇವಕರು ಅಂಗಳದ ನೆಲಕ್ಕೆ ಸುಮಾರು 2,000 ಕಾಗದದ ಪಟ್ಟಿ ಅಂಟಿಸಿದರು. ಮೇಲಿನಿಂದ ನೋಡಿದರೆ, ಪಿರಮಿಡ್ಡು ಆಳವಾದ ಕಲ್ಲಿನ ಕ್ವಾರಿಯಿಂದ ಎದ್ದುನಿಂತಂತೆ. ಜನ ಆ ಕಾಗದದ ಮೇಲೇ ಓಡಾಡಿದರು. ವಾರಾಂತ್ಯ ಮುಗಿಯುವ ಮೊದಲೇ ಚಿತ್ರ ಕಾಲಡಿಯಲ್ಲಿ ಚಿಂದಿಯಾಗಿತ್ತು.

ಗಾತ್ರದಲ್ಲಿ ಎರಡನೆಯದು ದೊಡ್ಡದು, ನಿಜ. ಆದರೆ ಚುರುಕಿನಲ್ಲಿ ಮೊದಲನೆಯದೇ ಮೇಲು: ಕಟ್ಟಡವನ್ನು ಬೈದವರನ್ನೂ ಮೆಚ್ಚಿದವರನ್ನೂ ಅದು ಒಂದೇ ಫೋಟೊದಲ್ಲಿ ಛೇಡಿಸಿತು.